ಬೆರಳಿಗೆ ಬಂದ ಕಸುಬು

ದೃಷ್ಟಿ ಕಳೆದುಕೊಂಡವರ ಮಾತು ಬಂದಾಗ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಎರಡು ಚಿತ್ರಗಳು ಮಾತ್ರ ಮೂಡುತ್ತವೆ. ಒಂದು, ಲೋಕಲ್ ಗಾಡಿಯಲ್ಲಿ ಹಾಡುತ್ತ ಡಬ್ಬಿ ಅಲುಗಾಡಿಸುವವನದು. ಇನ್ನೊಂದು, ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳಂತಹ ಮಹನೀಯರದು. ಭಿಕ್ಷೆ ಮತ್ತು ಪ್ರತಿಭೆ, ಇವೆರಡರ ನಡುವೆ ತನ್ನ ಹೊಟ್ಟೆಗೆ ಸಾಕಾಗುವಷ್ಟು ಕೈಕೆಲಸ ಬಲ್ಲ ಸಾಮಾನ್ಯ ಅಂಧನೊಬ್ಬನಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ನನ್ನ ಸೋದರಮಾವನವರ ಕಣ್ಣು ಹೋಗುವವರೆಗೆ ನನಗೂ ಹೊಳೆದಿರಲಿಲ್ಲ.

ಮಾವನವರು ಮುಂಬಯಿಯ ಕೋಟೆ ವಿಭಾಗದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುತ್ತಿದ್ದರು. ಐವತ್ತರ ಅಂಚಿನಲ್ಲಿಯೂ ಕನ್ನಡಕವಿಲ್ಲದೆ ಎದುರಿನವರ ಬಿಲ್ಲನ್ನು ಓದುತ್ತಿದ್ದ ಅವರ ಕಣ್ಣಿನ ಬಗ್ಗೆ ಮನೆಮಂದಿಗೆಲ್ಲ ಹೆಮ್ಮೆ. ಆದರೆ ಪಕ್ಕದಿಂದ ಟ್ರೇ ಹಿಡಿದು ಬರುವ ಮಾಣಿಗೆ ಢಿಕ್ಕಿ ಹೊಡೆಯುವುದು, ಮೆಟ್ಟಿಲಿನ ಅಂಚು ತಪ್ಪುವುದು ಹೆಚ್ಚಾಗತೊಡಗಿತು. "ವಯಸ್ಸಾಯಿತು" ಎಂದು ಎಲ್ಲರೂ ನಕ್ಕರು. ಪರೀಕ್ಷಿಸಿದ ವೈದ್ಯರು ಗ್ಲಾಕೋಮಾ ಎಂದಾಗ ಎಡಗಣ್ಣು ಬಹುಪಾಲು ಹೋಗಿತ್ತು. ಎರಡು ವರ್ಷಗಳಲ್ಲಿ ಬಲಗಣ್ಣೂ ಅದನ್ನೇ ಹಿಂಬಾಲಿಸಿತು.

ಈ ರೋಗದ ಸ್ವಭಾವವೇ ಅಂತಹದು. ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ನೇರ ನೋಟ ಕೊನೆಯವರೆಗೂ ಉಳಿದು, ಅಕ್ಕಪಕ್ಕದ ನೋಟ ಮೆಲ್ಲನೆ ಸವೆಯುತ್ತದೆ. ದೃಷ್ಟಿನರ ಒಮ್ಮೆ ಕಳೆದುಕೊಂಡದ್ದನ್ನು ಯಾವ ಔಷಧಿಯೂ ಶಸ್ತ್ರಕ್ರಿಯೆಯೂ ಮರಳಿ ತರಲಾರದು, ಉಳಿದುದನ್ನು ಕಾಪಾಡಬಹುದಷ್ಟೆ. ತಂದೆತಾಯಿ, ಒಡಹುಟ್ಟಿದವರಲ್ಲಿ ಇದು ಇದ್ದವರಿಗೆ ಅಪಾಯ ಹೆಚ್ಚು. ಆದಕಾರಣ 40 ದಾಟಿದವರು ಕನ್ನಡಕದ ನಂಬರು ನೋಡಿಸಿಕೊಂಡು ತೃಪ್ತರಾಗದೆ, ಕಣ್ಣಿನ ಒಳಗಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ತೋರಿಸಿಕೊಳ್ಳತಕ್ಕದ್ದು.

ಮಾವನವರ ಕಣ್ಣು ಹೋದ ಮೇಲೆ ಮನೆಯವರು ಪ್ರೀತಿಯಿಂದಲೇ ಅವರ ಕೈಯನ್ನೂ ಕಸಿದುಕೊಂಡರು. ಕಿಟಕಿಯ ಬಳಿ ಕುರ್ಚಿ ಹಾಕಿ ಕೂಡಿಸಿದರು. ಒಮ್ಮೆ ಅವರು ಬೀನ್ಸ್ ಹೆಚ್ಚಿಕೊಡುತ್ತೇನೆಂದು ಮೆಟ್ಟುಕತ್ತಿಯ ಮುಂದೆ ಕುಳಿತಾಗ ಅತ್ತೆ ಗಾಬರಿಯಾಗಿ ಅದನ್ನು ಎತ್ತಿಟ್ಟರು. ಮಾವನವರು ಆ ದಿನ ಊಟ ಮಾಡಲಿಲ್ಲ.

ಪರಿಚಿತರೊಬ್ಬರ ಸಲಹೆಯಂತೆ ನಗರದ ಒಂದು ಅಂಧರ ಕಾರ್ಯಾಗಾರಕ್ಕೆ ಅವರನ್ನು ಕರೆದೊಯ್ದವನು ನಾನೇ. ಅಲ್ಲಿ ಕಲಿಸುತ್ತಿದ್ದುದು ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ. ನೋಡುವವರಿಗೆ ಇದು ಕಣ್ಣಿನ ಕೆಲಸವೆಂದೇ ತೋರುತ್ತದೆ; ವಾಸ್ತವವಾಗಿ ಇದು ಎಣಿಕೆಯ ಕೆಲಸ. ಕುರ್ಚಿಯ ಚೌಕಟ್ಟಿನ ಸುತ್ತ ಸಾಲು ತೂತುಗಳಿರುತ್ತವೆ. ಹಿಂದಿನ ಪಟ್ಟಿಯ ತೂತುಗಳನ್ನು ಬೆರಳಿನಿಂದ ಎಣಿಸಿ ನಡುವಿನದನ್ನು ಗುರುತಿಸಬೇಕು, ಮುಂದಿನ ಪಟ್ಟಿಯಲ್ಲಿಯೂ ಹಾಗೆಯೇ. ನೀರಿನಲ್ಲಿ ನೆನೆಸಿದ ಬೆತ್ತದ ಸಿಪ್ಪೆಯ ಒಂದು ಮೈ ನುಣುಪು, ಇನ್ನೊಂದು ಒರಟು. ನುಣುಪಾದುದು ಮೇಲಿರಬೇಕೆಂಬುದನ್ನು ಬೆರಳೇ ಹೇಳಿಕೊಡುತ್ತದೆ. ಮೊದಲು ಉದ್ದಕ್ಕೆ ಎಳೆಯುವುದು, ಅದರ ಮೇಲೆ ಅಡ್ಡಕ್ಕೆ, ಮತ್ತೊಮ್ಮೆ ಉದ್ದಕ್ಕೆ. ನಾಲ್ಕನೆಯ ಸುತ್ತಿನ ಅಡ್ಡ ಎಳೆಯನ್ನು ಮೇಲೆ ಕೆಳಗೆ ಹಾಯಿಸಿ ನೇಯುವುದು. ಬಳಿಕ ಎರಡು ಓರೆ ಎಳೆಗಳು, ಒಂದಕ್ಕೊಂದು ಎದುರಾಗಿ. ಈ ಆರೂ ಸುತ್ತುಗಳು ಮುಗಿದಾಗ ನಮಗೆಲ್ಲ ಪರಿಚಿತವಾದ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಎಳೆ ಸಡಿಲವಾಗದಂತೆ ತೂತಿಗೆ ಮರದ ಬೆಣೆ ಸಿಕ್ಕಿಸುತ್ತ ಹೋಗಬೇಕು. ಹೋಟೆಲಿನಲ್ಲಿ ಮೂವತ್ತು ವರ್ಷ ಚಿಲ್ಲರೆ ಎಣಿಸಿದ ಮಾವನವರ ಬೆರಳಿಗೆ ಎಣಿಕೆ ಹೊಸದಾಗಿರಲಿಲ್ಲ.

ಆದರೂ ಅವರ ಮೊದಲ ಕುರ್ಚಿಯಲ್ಲಿ ಓರೆ ಎಳೆಯೊಂದು ಮೂಲೆಯಲ್ಲಿ ಒಂದು ತೂತು ತಪ್ಪಿತ್ತು. ನಾನು ನೋಡಿದೆ, ಸುಮ್ಮನಿದ್ದೆ. ಕಲಿಸುವ ಮೇಷ್ಟ್ರು ಸ್ವತಃ ಹುಟ್ಟಂಧರು. ಅವರು ಅಂಗೈಯನ್ನು ಒಮ್ಮೆ ಬೆತ್ತದ ಮೇಲೆ ಆಡಿಸಿ, "ಬಿಚ್ಚಿ, ಮತ್ತೆ ಹಾಕಿ" ಎಂದರು. ನನಗೆ ಸಿಟ್ಟು ಬಂದಿತು. ಪಾಪ, ಐವತ್ತಮೂರರ ಮನುಷ್ಯ, ನಾಲ್ಕು ದಿನದ ದುಡಿಮೆ! ಮಾವನವರಾದರೋ ಮನೆಗೆ ಬರುವ ದಾರಿಯುದ್ದಕ್ಕೂ ಆ ಮೂಲೆಯ ವಿಷಯವನ್ನೇ ಮಾತನಾಡಿದರು. ಎರಡು ವರ್ಷಗಳಿಂದ ಅವರ ತಪ್ಪನ್ನು ತಪ್ಪೆಂದವರು ಯಾರೂ ಇರಲಿಲ್ಲ.

ಅಂಧರ ಶಿಕ್ಷಣದ ಚರಿತ್ರೆಯಲ್ಲಿ ಕಸುಬಿಗೆ ಮೊದಲಿನಿಂದಲೂ ಸ್ಥಾನವಿದೆ. 1809ರಲ್ಲಿ ಜನಿಸಿದ ಫ್ರಾನ್ಸಿನ ಲೂಯಿ ಬ್ರೈಲ್, ಕುದುರೆಯ ಜೀನು ಹೊಲಿಯುತ್ತಿದ್ದ ತಂದೆಯ ಅಂಗಡಿಯಲ್ಲಿ ಚರ್ಮ ಚುಚ್ಚುವ ಉಳಿಯಿಂದಲೇ ಮೂರನೆಯ ವಯಸ್ಸಿನಲ್ಲಿ ಕಣ್ಣಿಗೆ ಗಾಯಮಾಡಿಕೊಂಡು ದೃಷ್ಟಿ ಕಳೆದುಕೊಂಡವನು. ಹದಿನೈದರ ಹರೆಯದಲ್ಲಿ ಅವನು ರೂಪಿಸಿದ ಚುಕ್ಕಿಲಿಪಿಯನ್ನು ಬರೆಯುವ ಸಾಧನವೂ ಅಂತಹದೇ ಒಂದು ಮೊನೆ. ನಮ್ಮ ಮುಂಬಯಿಯಲ್ಲಿ ದಾದರಿನ ಅಂಧಶಾಲೆಯನ್ನು 1900ರಲ್ಲಿ ಅಮೆರಿಕನ್ ಮಿಷನ್ನಿನ ಅನ್ನಾ ಮಿಲ್ಲರ್ಡ್ ಆರಂಭಿಸಿದರು. ತಾಡದೇವದ ವಿಕ್ಟೋರಿಯಾ ಸ್ಮಾರಕ ಶಾಲೆ 1902ರದು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ತೆರೆದ ವಸತಿಗೃಹವನ್ನು 1950ರಲ್ಲಿ ಸರಕಾರ ವಹಿಸಿಕೊಂಡು ವಯಸ್ಕ ಅಂಧರ ತರಬೇತಿ ಕೇಂದ್ರವನ್ನಾಗಿಸಿತು. ಮುಂಬಯಿಯಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆ ಹುಟ್ಟಿದ್ದು 1952ರಲ್ಲಿ.

ಕಾಲ ಮಾತ್ರ ಬೆತ್ತಕ್ಕೆ ಅನುಕೂಲವಾಗಿ ನಡೆಯಲಿಲ್ಲ. ಕಚೇರಿಗಳಿಗೆ ಮೆತ್ತೆಯ ಕುರ್ಚಿ, ಮದುವೆಮನೆಗೆ ಪ್ಲಾಸ್ಟಿಕ್ ಕುರ್ಚಿ ಬಂದವು. ಮೇಣದಬತ್ತಿ, ಕಾಗದದ ಚೀಲ, ಕಾಲೊರಸು, ಕೈಮಗ್ಗ ಇವು ನಿಂತಿವೆಯಾದರೂ, ದೀಪಾವಳಿಗೆ ಮೊದಲು ಹದಿನೈದು ದಿನ ಮಾರಾಟವಾಗಿ ಉಳಿದ ವರ್ಷವೆಲ್ಲ ಕಾಯುವ ಕಸುಬು ಕಸುಬೇ? ಕಾನೂನು ಬೇರೆ ಬಾಗಿಲನ್ನು ತೆರೆದಿದೆ. 1995ರ ಅಧಿನಿಯಮ ಸರಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ 3ನ್ನು ಮೀಸಲಿಟ್ಟಿತ್ತು. 2016ರ ಅಧಿನಿಯಮ ಅದನ್ನು 4ಕ್ಕೆ ಏರಿಸಿ, ಅದರಲ್ಲಿ 1ನ್ನು ಅಂಧರಿಗೂ ಮಂದದೃಷ್ಟಿಯವರಿಗೂ ಇಟ್ಟಿದೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಗಣಕಯಂತ್ರದ ನೆರವಿನಿಂದ ಬ್ಯಾಂಕಿನಲ್ಲಿ ದುಡಿಯುವ ತರುಣರನ್ನು ಈಗ ಕಾಣುತ್ತೇವೆ. ಅದು ಸಂತೋಷದ ಸಂಗತಿ. ಆದರೆ ಐವತ್ತರಲ್ಲಿ ಕಣ್ಣು ಹೋದ, ನಾಲ್ಕನೆಯ ತರಗತಿ ಓದಿದವನಿಗೆ ಇಂದಿಗೂ ಕೈಕೆಲಸವೇ ಹತ್ತಿರದ ದಾರಿ ಎಂದು ನನ್ನ ನಂಬಿಕೆ.

ಇನ್ನೊಂದು ಮಾತು. ದೃಷ್ಟಿದೋಷವೆಂದರೆ ಯಾವಾಗಲೂ ಪೂರ್ಣ ಕತ್ತಲೆಯಲ್ಲ. ಮಂದದೃಷ್ಟಿಯವರಿಗೆ ದೊಡ್ಡ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ಭೂತಗನ್ನಡಿ, ಸರಿಯಾದ ದೀಪ ಮೊದಲಾದುವನ್ನು ಸೂಚಿಸುತ್ತಾರೆ. ಮನೆಯಲ್ಲಿಯೂ ಉಪಾಯಗಳಿವೆ: ಬಿಳಿ ಅನ್ನವನ್ನು ಸ್ಟೀಲು ತಟ್ಟೆಗೆ ಬದಲು ಗಾಢಬಣ್ಣದ ತಟ್ಟೆಯಲ್ಲಿ ಬಡಿಸಿದರೆ ಅದು ಕಾಣುತ್ತದೆ; ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿದರೆ ಕಾಲು ತಪ್ಪುವುದಿಲ್ಲ. ಬೆತ್ತ ಹೆಣೆಯುವವರಲ್ಲಿ ಇಂತಹ ಅರೆನೋಟದವರು ಚೌಕಟ್ಟಿನ ಕೆಳಗೆ ಕಪ್ಪು ಬಟ್ಟೆ ಹರಡಿಕೊಂಡು ದುಡಿಯಬಹುದು.

ಮಾವನವರು ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷ, ಆ ಕೆಲಸ ಮಾಡಿದರು. ಸಂಪಾದನೆ ಗಲ್ಲಾದ ಸಂಬಳದ ಅರ್ಧವೂ ಇರಲಿಲ್ಲ. ಮೊದಲ ತಿಂಗಳ ಹಣವನ್ನು ಅತ್ತೆಯ ಕೈಗೆ ತಾವೇ ಎಣಿಸಿಕೊಟ್ಟರು. ಮೆಟ್ಟುಕತ್ತಿ ತನ್ನ ಹಳೆಯ ಜಾಗಕ್ಕೆ ಮರಳಿತು.

ನಮ್ಮ ಸಂಘದ ವಾಚನಾಲಯದಲ್ಲಿ ಎಂಟು ಬೆತ್ತದ ಕುರ್ಚಿಗಳಿವೆ. ಮೂರರ ಬೆತ್ತ ಹರಿದು, ಮೇಲೆ ಹಲಗೆ ಬಡಿದಿದ್ದಾರೆ. ಅವನ್ನು ಅಂಧರ ಕಾರ್ಯಾಗಾರಕ್ಕೆ ಕೊಡಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಪೂರ್ಣ ಮಜೂರಿ ಕೊಡತಕ್ಕದ್ದು. ಎಳೆ ಒಂದು ತೂತು ತಪ್ಪಿದ್ದರೆ ಹಿಂದಕ್ಕೆ ಕಳುಹಿಸತಕ್ಕದ್ದು ಎಂದೂ ಆ ಪತ್ರದಲ್ಲಿ ಬರೆದಿದ್ದೇನೆ.