ವಸ್ತಿ ಬಸ್ಸು

ನಮ್ಮ ಕಾಲೇಜಿನ ಮೊದಲ ಗಂಟೆಯನ್ನು ಬಾರಿಸುವವನು ಜವಾನನೆಂದು ಪಟ್ಟಣದಲ್ಲಿ ಮನೆಯಿರುವ ಗೆಳೆಯರು ತಿಳಿದಿರಬಹುದು. ಹಳ್ಳಿಯಿಂದ ಬರುವ ನಮಗೆ ಆ ಗಂಟೆ ಬೆಳಗಿನ ಆರಕ್ಕೇ ಆಗಿಬಿಡುತ್ತದೆ. ಅಗಸಿಯ ಮುಂದೆ ನಿಂತ ವಸ್ತಿ ಬಸ್ಸಿನ ಡ್ರೈವರರು ಎಂಜಿನ್ನು ಚಾಲೂ ಮಾಡಿ ಎರಡು ಸಲ ಹಾರ್ನು ಒತ್ತಿದರೆಂದರೆ ಸಾಕು, ತಲೆ ಬಾಚುತ್ತಿದ್ದವರು ಬಾಚಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಾರೆ.

ವಸ್ತಿ ಬಸ್ಸೆಂದರೇನೆಂದು ದಕ್ಷಿಣದ ಕಡೆಯಿಂದ ಬಂದ ಅಧ್ಯಾಪಕರೊಬ್ಬರು ನನ್ನನ್ನು ಕೇಳಿದ್ದುಂಟು. ಸಂಜೆಯ ಕೊನೆಯ ಟ್ರಿಪ್ಪಿಗೆ ಪಟ್ಟಣದಿಂದ ಹೊರಟು, ರೂಟಿನ ತುದಿಯ ಹಳ್ಳಿಯಲ್ಲಿ ರಾತ್ರಿ ತಂಗಿ, ಮರುದಿನ ನಸುಕಿನಲ್ಲಿ ಮೊದಲ ಟ್ರಿಪ್ಪಾಗಿ ಮರಳುವ ಬಸ್ಸೇ ವಸ್ತಿ ಬಸ್ಸು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಗಳಲ್ಲಿ ಡಿಪೋಗಳಿವೆ. ನಮ್ಮ ಸೀಮೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ, 1932ರಲ್ಲಿ, ನಿಜಾಮರ ಸರ್ಕಾರವು 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. 1956ರ ಅನಂತರ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 2000ದಲ್ಲಿ ಈಶಾನ್ಯ ಸಾರಿಗೆ ಸಂಸ್ಥೆ ಬೇರೆಯಾಯಿತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಬಸ್ಸಿನ ಪಕ್ಕದ ಅಕ್ಷರಗಳು ಹೀಗೆ ಬದಲಾದರೂ ನಮ್ಮ ಅಜ್ಜಿ ಮಾತ್ರ ಇಂದಿಗೂ ಅದನ್ನು ‘ಸರಕಾರಿ ಗಾಡಿ’ ಎಂದೇ ಕರೆಯುತ್ತಾಳೆ.

ಶಾಲೆಯ ಮಕ್ಕಳನ್ನು ಒಯ್ಯುವ ವಾಹನ ಹೇಗಿರಬೇಕೆಂಬುದಕ್ಕೆ ನಮ್ಮ ದೇಶದಲ್ಲಿ ಕಟ್ಟುಪಾಡುಗಳಿಲ್ಲವೆಂದಲ್ಲ. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಸಂಚಾರವನ್ನು ಕುರಿತ ಮೊಕದ್ದಮೆಯೊಂದರಲ್ಲಿ, ವಿದ್ಯಾಸಂಸ್ಥೆಗಳ ಬಸ್ಸು ನಡೆಸುವವರಿಗೆ ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷಗಳ ಅನುಭವವಿರಬೇಕೆಂದು ವಿಧಿಸಿತು. ಹಳದಿ ಬಣ್ಣ, ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು, ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬ ಸಹಾಯಕ, ಇವೆಲ್ಲ ಇಂದು ಶಾಲಾ ಬಸ್ಸಿಗೆ ವಿಹಿತವಾಗಿವೆ. ಇಷ್ಟಿದ್ದರೂ ಅನಾಹುತಗಳು ತಪ್ಪಿಲ್ಲ. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ನೆರೆಯ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಅಸುನೀಗಿದರು. ಆ ವಾರವೆಲ್ಲ ನಮ್ಮೂರ ತಾಯಂದಿರು ಬಸ್ಸು ಕಣ್ಮರೆಯಾಗುವವರೆಗೂ ಅಗಸಿಯಲ್ಲಿಯೇ ನಿಂತಿರುತ್ತಿದ್ದರು.

ಆದರೆ ನಮ್ಮ ತಾಲ್ಲೂಕುಗಳ ಹಳ್ಳಿಗಳಿಂದ ಹೈಸ್ಕೂಲಿಗೂ ಕಾಲೇಜಿಗೂ ಬರುವ ಬಹುಪಾಲು ಹುಡುಗ ಹುಡುಗಿಯರು ಹಳದಿ ಬಸ್ಸನ್ನು ಹತ್ತುವವರಲ್ಲ. ಸಂತೆಯ ಚೀಲ, ಹಾಲಿನ ಕ್ಯಾನು, ಆಸ್ಪತ್ರೆಗೆ ಹೊರಟ ಮುದುಕರು, ಇವರೆಲ್ಲರ ನಡುವೆ ಅವರೂ ಸಾಮಾನ್ಯ ಬಸ್ಸಿನಲ್ಲಿಯೇ ಬರುತ್ತಾರೆ. ಅಲ್ಲಿ ಮೇಲೆ ಹೇಳಿದ ಸಹಾಯಕನಿಲ್ಲ. ಆ ಕೆಲಸವೂ ಕಂಡಕ್ಟರರ ಮೇಲೆಯೇ ಬೀಳುತ್ತದೆ. ಅವರ ಪಾಡನ್ನು ಸ್ವಲ್ಪ ಗಮನಿಸಿರಿ. ಮುಂದಿನ ಸ್ಟೇಜು ಬರುವುದರೊಳಗಾಗಿ ಹತ್ತಿದವರೆಲ್ಲರಿಗೂ ಟಿಕೇಟು ಆಗಿರಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಹಣವಿಲ್ಲದಿದ್ದರೂ ಟಿಕೇಟು ಮಾತ್ರ ಹರಿಯಲೇಬೇಕು. ಗುರುತಿನ ಚೀಟಿ ನೋಡಲೇಬೇಕು. ನಮ್ಮ ಪಾಸುಗಳನ್ನು ಬೇರೆ ನೋಡಬೇಕು. ಹೀಗೆ ಮಿಷನ್ನಿನ ಮೇಲೆ ಕಣ್ಣಿಟ್ಟು ಅವರು ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿರುವಾಗಲೇ ಮುಂದಿನ ಕ್ರಾಸಿನಲ್ಲಿ ಇಪ್ಪತ್ತು ಜನ ಬಾಗಿಲಿಗೆ ಮುತ್ತುತ್ತಾರೆ. “ತಮ್ಮಾ, ಒಳಗ ಸರೀರಿ, ಒಳಗ ಜಾಗಾ ಐತಿ” ಎಂಬ ಅವರ ಕೂಗು ಬಾಗಿಲಿನವರೆಗೆ ಮುಟ್ಟುವುದೇ ಇಲ್ಲ.

ಮೆಟ್ಟಿಲಿನ ಮೇಲೆ ಜೋತು ನಿಲ್ಲುವುದು 1988ರ ಮೋಟಾರು ವಾಹನ ಕಾಯ್ದೆಯ 123ನೆಯ ಕಲಮಿನ ಪ್ರಕಾರ ನಿಂತವನಿಗೂ ತಪ್ಪು, ನಿಲ್ಲಗೊಟ್ಟವನಿಗೂ ತಪ್ಪು. ಕಾಯ್ದೆಯ ಮಾತು ಹಾಗಿರಲಿ. ಬಾಗಿಲಲ್ಲಿ ನಾಲ್ವರು ಜೋತರೆ ಡ್ರೈವರರಿಗೆ ಎಡಗಡೆಯ ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ, ಅಂಗಿಗಳು ಕಾಣುತ್ತವೆ. ಭಾರವೆಲ್ಲ ಎಡಕ್ಕೆ ಬಿದ್ದು, ಅಂಚು ಕಿತ್ತ ರಸ್ತೆಯಲ್ಲಿ ಬಸ್ಸು ವಾಲುತ್ತದೆ. ಕೈ ಜಾರಿದವನು ಬೀಳುವುದು ಹಿಂದಿನ ಗಾಲಿಯ ದಾರಿಯಲ್ಲಿ. ಗಂಗಾವತಿಯ ಕಡೆ ಭತ್ತದ ಸುಗ್ಗಿಯಲ್ಲಿ ಕಟಾವಿನ ಯಂತ್ರಗಳೂ ಹುಲ್ಲು ಹೇರಿದ ಟ್ರ್ಯಾಕ್ಟರುಗಳೂ ಅರ್ಧ ರಸ್ತೆಯನ್ನು ಹಿಡಿದಿರುತ್ತವೆ; ಅವನ್ನು ಒರೆಸಿಕೊಂಡು ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ನಿಂತವನ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಷ್ಟಗಿಯ ಕಡೆಯವರಿಗೆ ಇನ್ನೊಂದು ಗಂಡಾಂತರವಿದೆ. ರಾಷ್ಟ್ರೀಯ ಹೆದ್ದಾರಿ 50ರ ಆಚೆ ಬದಿಗೆ ಬಂದು ನಿಂತ ಬಸ್ಸನ್ನು ಹಿಡಿಯಲು ಚೀಲ ಹೊತ್ತು ಅಡ್ಡ ಓಡುತ್ತಾರೆ.

ಇನ್ನು ಡ್ರೈವರರ ವಿಷಯ. ನಮ್ಮಲ್ಲಿ ಯಾರೂ ವಿಚಾರ ಮಾಡದ ಸಂಗತಿಯೆಂದರೆ ಅವರ ನಿದ್ದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ದುಡಿಮೆಗೆ ಮಿತಿ ಹಾಕಿ, ರಾತ್ರಿ ತಂಗುವವರಿಗೆ ವಿಶ್ರಾಂತಿ ಕೊಠಡಿಯ ಮಾತನ್ನೂ ಆಡಿತ್ತು. ಹಳ್ಳಿಯಲ್ಲಿ ಆ ಕೊಠಡಿ ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಬಸ್ಸಿನ ತಗಡು ಮಧ್ಯರಾತ್ರಿಯವರೆಗೂ ಆರುವುದಿಲ್ಲ. ಮಳೆಗಾಲದಲ್ಲಿ ಸೊಳ್ಳೆಯ ಕಾಟ. ಸೀಟುಗಳ ನಡುವೆ, ಇಲ್ಲವೆ ಗುಡಿಯ ಕಟ್ಟೆಯ ಮೇಲೆ ಹಾಸಿಕೊಂಡು ಹೊರಳಾಡಿದವರು ನಸುಕಿನಲ್ಲಿ ಎದ್ದು ನಮ್ಮಂಥ ಎಪ್ಪತ್ತು ಜನರ ಜೀವವನ್ನು ಕೈಯಲ್ಲಿ ಹಿಡಿಯುತ್ತಾರೆ. ನಮ್ಮೂರಲ್ಲಿ ಒಂದೊಂದು ಮನೆಯವರು ಪಾಳಿಯಂತೆ ಅವರಿಗೆ ರೊಟ್ಟಿ, ಪಲ್ಯ ಕೊಡುವ ರೂಢಿಯಿದೆ. ಅದು ಒಳ್ಳೆಯದೇ. ಅದರೊಡನೆ ಪಂಚಾಯತಿಯವರು ಬೀಗ ಹಾಕಿಟ್ಟ ಸಮುದಾಯ ಭವನದಲ್ಲಿ ಒಂದು ಕೋಣೆ, ಒಂದು ಫ್ಯಾನು, ಎರಡು ಸೊಳ್ಳೆಪರದೆ, ಒಂದು ಪಾಯಖಾನೆ ಒದಗಿಸಿದರೆ ಆ ಖರ್ಚನ್ನು ನಾನು ವಿದ್ಯಾಭ್ಯಾಸದ ಖರ್ಚೆಂದೇ ಬರೆಯುತ್ತೇನೆ.

ಬೆಳಗಿನ ಬಸ್ಸು ಒಂದೇ ಇದ್ದರೆ ಅದು ತುಂಬಿಯೇ ತುಂಬುತ್ತದೆ. ಅದಕ್ಕೆ ಹುಡುಗರನ್ನು ಬೈದು ಫಲವಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೂ ಹುಣ್ಣಿಮೆಗೆ ಹುಲಿಗಿಗೂ ಹೆಚ್ಚಿನ ಬಸ್ಸು ಬಿಡುತ್ತಾರೆ, ಏಕೆಂದರೆ ಜನ ಎಂದು, ಎಷ್ಟು ಬರುವರೆಂಬುದು ಡಿಪೋದವರಿಗೆ ಮೊದಲೇ ಗೊತ್ತು. ಕಾಲೇಜಿನ ಜಾತ್ರೆ ವರ್ಷವಿಡೀ ನಡೆದರೂ ಯಾವ ಊರಿನಿಂದ ಎಷ್ಟು ಜನ ಬರುವೆವೆಂದು ನಾವು ಅವರಿಗೆ ತಿಳಿಸಿದ್ದಿಲ್ಲ.

ಬಸ್ಸು ತಪ್ಪಿದರೆ ನಾನು ಟಂಟಂ ಹಿಡಿದೋ ಯಾರದೋ ಬೈಕಿನ ಹಿಂದೆ ಕುಳಿತೋ ಬಂದೇನು. ನಮ್ಮ ಮನೆತನದಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಂಗಿ ಈಗ ಪಿ.ಯು.ಸಿ.ಯಲ್ಲಿದ್ದಾಳೆ. ಅವಳ ಹೆಸರು ಹಚ್ಚುವಾಗ ನಮ್ಮ ತಂದೆ ಫೀಜನ್ನು ಕೇಳಲಿಲ್ಲ, ಪಠ್ಯ ವಿಷಯವನ್ನು ಕೇಳಲಿಲ್ಲ. “ಸಂಜಿಗೆ ಬರಾಕ ಬಸ್ಸ ಐತೇನಪಾ?” ಎಂದಷ್ಟೇ ಕೇಳಿದರು. ವಸ್ತಿ ಬಸ್ಸು ನಿಂತರೆ ಅವಳ ಓದೂ ನಿಂತಂತೆಯೇ.

ಆದಕಾರಣ ನಾನೂ ನನ್ನ ಇಬ್ಬರು ಗೆಳೆಯರೂ ಕೂಡಿ ನಮ್ಮ ತರಗತಿಯವರ ಪಟ್ಟಿಯೊಂದನ್ನು ಮಾಡಿದ್ದೇವೆ: ಊರು, ಹತ್ತುವ ಕ್ರಾಸು, ಹುಡುಗರೆಷ್ಟು, ಹುಡುಗಿಯರೆಷ್ಟು, ಕೊನೆಯ ಪಾಠ ಮುಗಿಯುವ ವೇಳೆ. ಉಳಿದ ತರಗತಿಗಳ ಪಟ್ಟಿಯೂ ಸೇರಿದ ಮೇಲೆ ಪ್ರಾಂಶುಪಾಲರ ಸಹಿಯೊಡನೆ ಡಿಪೋ ವ್ಯವಸ್ಥಾಪಕರಿಗೆ ಒಪ್ಪಿಸುವುದೆಂದು ನಮ್ಮ ವಿಚಾರ. ಒಂದನೆಯ ಮತ್ತು ಎರಡನೆಯ ವರ್ಷದ ಸಹಪಾಠಿಗಳು ತಮ್ಮ ಊರುಗಳ ವಿವರವನ್ನು ವಾಚನಾಲಯದ ಮೇಜಿನ ಮೇಲಿಟ್ಟಿರುವ ವಹಿಯಲ್ಲಿ ಬರೆಯಬೇಕಾಗಿ ವಿನಂತಿ.