ಅರಮನೆ ದೀಪಕ್ಕೆ ಬೆನ್ನು ಮಾಡಿ

ಭಾನುವಾರ ಸಂಜೆ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ನೆರೆದ ಜನವೆಲ್ಲ 'ಹೋ' ಎನ್ನುತ್ತಾರೆ. ಎನ್ನಲಿ. ನೀವು ಆ ಬೆಳಕಿಗೆ ಬೆನ್ನು ಮಾಡಿ ಜಗನ್ಮೋಹನ ಅರಮನೆಯ ಕಡೆ ನಡೆಯಿರಿ. ಅಲ್ಲಿಂದ ಶುರುವಾಗುತ್ತದೆ ನೋಡಿ, ಇನ್ನೊಂದು ಮೈಸೂರು!

ಅಲ್ಲಿನ ರಂಗಮಹಲಿನ ಗೋಡೆಗಳ ಮೇಲೆ ಆಟದ ಮಣೆಗಳ ಚಿತ್ರಗಳಿವೆ. ಹೌದು, ಅರಮನೆಯ ಗೋಡೆಯ ಮೇಲೆ ಆಟ! ಬರೆಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಸಿದುಕೊಂಡರು. ಸಿಂಹಾಸನ ಉಂಟು, ರಾಜ್ಯಭಾರ ಇಲ್ಲ. ಬೇರೆಯವರಾಗಿದ್ದರೆ ಕೊರಗಿಯೇ ಕಾಲ ಹಾಕುತ್ತಿದ್ದರೇನೋ. ಇವರು ಚದುರಂಗದ ಮಣೆ ಎಳೆದುಕೊಂಡು ಕೂತರು. ಒಂದೇ ಕುದುರೆ, 64 ಮನೆ. ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ ಅಷ್ಟನ್ನೂ ಸುತ್ತಬೇಕು. ಆ ಒಗಟನ್ನು ಹಲವು ಬಗೆಯಲ್ಲಿ ಬಿಡಿಸಿದರು! ಅಷ್ಟು ಸಾಲದೆ ಗಂಜೀಫಾ ಎಂಬ ಎಲೆಯಾಟಕ್ಕೆ ಕೈ ಹಾಕಿದರು. ಇಸ್ಪೀಟಿನಲ್ಲಿರುವುದು 52 ಎಲೆ. ಇವರು ಕಟ್ಟಿದ ಚಾಮುಂಡೇಶ್ವರಿ ಆಟಕ್ಕೆ 320! ಎಲೆಗಳ ಮೇಲೆಲ್ಲ ಕುಂಚದ ಕೆಲಸ, ದೇವತೆಗಳು. 'ಶ್ರೀತತ್ತ್ವನಿಧಿ' ಎಂಬ ಮಹಾಗ್ರಂಥದಲ್ಲಿ ಆಟಗಳಿಗೆಂದೇ ಒಂದು ಭಾಗ ಮೀಸಲಿಟ್ಟು ಅದಕ್ಕೆ 'ಕೌತುಕನಿಧಿ' ಎಂದು ಹೆಸರಿಟ್ಟರು. ಇದನ್ನು ಸೋತ ದೊರೆಯ ಕಾಲಹರಣ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ. ಯಾವ ಬ್ರಿಟಿಷ್ ಕಮಿಷನರನೂ ಕಾಲಿಡಲಾರದ ರಾಜ್ಯವೊಂದನ್ನು ಅವರು ಕಟ್ಟಿಕೊಂಡಿದ್ದರು.

ಅದೇ ಜಗನ್ಮೋಹನದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಹುಡುಗರನ್ನು ಬಾಗಿಸಿ ಮಣಿಸಿ ಯೋಗ ಹೇಳಿಕೊಡುತ್ತಿದ್ದರು. ಮುಂದೆ ಜಗತ್ತನ್ನೇ ಬಾಗಿಸಿದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಕೈಯಲ್ಲಿ ಪಳಗಿದವರು.

ಇಂಥ ಗೀಳು ಅರಮನೆಯವರ ಸೊತ್ತು ಮಾತ್ರವಾಗಿರಲಿಲ್ಲ. ಒಂಟಿಕೊಪ್ಪಲಿಗೆ ಬನ್ನಿ. ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ರೇಡಿಯೋ ನಿಲಯ ಶುರುಮಾಡಿಬಿಟ್ಟರು! ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ನಿಲಯದ ಹೆಸರು ಆಕಾಶವಾಣಿ. ದೇಶದ ರೇಡಿಯೋ ಆ ಹೆಸರು ತಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಇತ್ತ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗ್ರಂಥಲಿಪಿಯ ತಾಳೆಗರಿ ಕಟ್ಟೊಂದನ್ನು ಬಿಚ್ಚಿದ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿದ್ದೇನು? ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ!

ಇಷ್ಟಾದರೂ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವವರು ಮಹಾರಾಜ ಜಯಚಾಮರಾಜ ಒಡೆಯರು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ಕಟ್ಟಿದ ವಾಗ್ಗೇಯಕಾರರು ಇವರು. ಇವರ ಕಿವಿ ಇನ್ನೊಂದು ಕಡೆಗೂ ತೆರೆದಿತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಕೇಳುವವರಿಲ್ಲದೆ ದಿನ ದೂಡುತ್ತಿದ್ದ. ಮೈಸೂರಿನಿಂದ ಹಣ ಹೋಯಿತು! ಮೆಟ್ನರ್ ತಾನೇ ಪಿಯಾನೋ ಮುಂದೆ ಕೂತು ತನ್ನ ರಚನೆಗಳನ್ನು ನುಡಿಸಿದ, ರೆಕಾರ್ಡುಗಳಾದವು. ಆತ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. ಇನ್ನೂ ಕೇಳಿ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಆಗಲೇ ತೀರಿಹೋಗಿದ್ದ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊಟ್ಟಮೊದಲ ಬಾರಿಗೆ ಹಾಡಿದರಲ್ಲ, ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಯಾರು? ಚಾಮುಂಡಿಬೆಟ್ಟದ ತಾಯಿಯ ಒಕ್ಕಲು, ಇದೇ ನಮ್ಮ ಮೈಸೂರಿನವರು!