ಪಟ್ಟಣದ ಮಲಗೊಬ್ಬರವೂ ಒಕ್ಕಲುಮಕ್ಕಳ ಆರೋಗ್ಯವೂ

ಭೂಮಿಯಿಂದ ತೆಗೆದುದನ್ನು ಭೂಮಿಗೆ ಹಿಂದಿರುಗಿಸಬೇಕೆಂಬುದು ಬೇಸಾಯದ ಮೊದಲನೆಯ ನಿಯಮವು. ಹಳ್ಳಿಯಲ್ಲಿ ಬೆಳೆದ ಧಾನ್ಯವು ಪಟ್ಟಣಕ್ಕೆ ಹೋಗುವಾಗ ಹೊಲದ ಸಾರವೂ ಅದರೊಡನೆ ಹೋಗುತ್ತದೆ. ಹಿಂದಿರುಗಿ ಬರುವುದು ಅತ್ಯಲ್ಪ. ಆದಕಾರಣ ಪಟ್ಟಣದ ಕೊಳಚೆಯನ್ನು ಸಂಸ್ಕರಿಸಿ ಹೊಲಕ್ಕೆ ಹಾಕುವ ಪ್ರಯತ್ನವು ಅನೇಕ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರಿಂದ ಪೈರಿಗೆ ಆಗುವ ಲಾಭವನ್ನು ಎಲ್ಲರೂ ಬಲ್ಲರು. ಆ ಹೊಲದಲ್ಲಿ ದುಡಿಯುವವರಿಗೂ ಅದರ ಫಲವನ್ನು ಉಣ್ಣುವವರಿಗೂ ಏನಾಗುವುದೆಂಬುದೇ ಈ ಲೇಖನದ ವಿಷಯ.

ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಡೆ ಸಂಚಾರದಲ್ಲಿದ್ದಾಗ ಅಂಬ್ಲಿಗೊಳದ ಬಳಿಯ ಹಿಡುವಳಿದಾರರೊಬ್ಬರು ನನ್ನನ್ನು ಹೀಗೆ ಕೇಳಿದರು: "ಸ್ವಾಮಿ, ಪೇಟೆಯ ಪಾಯಿಖಾನೆ ಗುಂಡಿ ಹೀರುವ ಲಾರಿಯವನು ನಮ್ಮ ಗದ್ದೆಗೇ ಬಿಡುತ್ತೇನೆ, ದುಡ್ಡೇನೂ ಬೇಡ ಎನ್ನುತ್ತಾನೆ. ಗೊಬ್ಬರದ ಬೆಲೆ ನೀವೇ ಬಲ್ಲಿರಿ. ಬಿಡಿಸಿಕೊಳ್ಳಬಹುದೇ?" ಆ ಗದ್ದೆಯ ಅಂಚಿನಲ್ಲಿಯೇ ಅವರ ಕುಡಿಯುವ ನೀರಿನ ಬಾವಿ ಇತ್ತು. ಪಕ್ಕದ ಮಡಿಯಲ್ಲಿ ಹೆಣ್ಣಾಳುಗಳು ಬರಿಗಾಲಿನಲ್ಲಿ ನಾಟಿ ಮಾಡುತ್ತಿದ್ದರು. ಬಿಡಿಸಿಕೊಳ್ಳಕೂಡದೆಂದು ಹೇಳಿದೆನು. ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಗುಂಡಿಯಿಂದ ನೇರವಾಗಿ ಬಂದ ಮಲದಲ್ಲಿ ವಾಂತಿಭೇದಿ, ವಿಷಮಶೀತಜ್ವರ ಮುಂತಾದ ರೋಗಗಳ ಬೀಜಗಳು ಇರಬಹುದು. ಇವುಗಳಿಗಿಂತಲೂ ಹಟಮಾರಿಯಾದುದು ಜಂತುಹುಳುವಿನ ಮೊಟ್ಟೆ. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವದಿಂದಿರಬಲ್ಲದು. ಕೊಕ್ಕೆಹುಳುವಿನ ಮರಿಯಾದರೋ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕರುಳಿನಲ್ಲಿ ನೆಲೆಸಿ, ರಕ್ತವನ್ನು ಹೀರುತ್ತದೆ. ಕೆಸರುಗದ್ದೆಯಲ್ಲಿ ಹಸಿ ಮಲವನ್ನು ಹರಡುವುದೆಂದರೆ ಕೂಲಿಯ ಹೆಂಗಸರ ಕಾಲಿನಡಿಯಲ್ಲಿ ರೋಗವನ್ನು ಬಿತ್ತಿದಂತೆಯೇ ಸರಿ.

ಹಾಗೆಂದು ಮಲಗೊಬ್ಬರವನ್ನು ಪೂರ್ತಿಯಾಗಿ ತಳ್ಳಿಬಿಡಬೇಕಾಗಿಲ್ಲ. ಇದನ್ನು ನಿರಪಾಯಗೊಳಿಸುವ ವಿದ್ಯೆಗೆ ನಮ್ಮ ನಾಡಿನಲ್ಲಿಯೇ ಹಳೆಯ ಚರಿತ್ರೆ ಇದೆ. ಕೊಳಚೆಯೊಳಕ್ಕೆ ಗಾಳಿಯನ್ನೂದಿ ಶುದ್ಧಿಮಾಡುವ ಕ್ರಮವು ೧೯೧೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ಅದಕ್ಕೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬ ವಿದ್ವಾಂಸರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ, ಮಲವನ್ನೂ ಊರ ಕಸವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ, ೬ರಿಂದ ೮ ತಿಂಗಳು ಕೊಳೆಯಿಸುವ ವಿಧಾನವನ್ನು ರೂಪಿಸಿದರು. ಲೋಕದಲ್ಲಿ ಇದು 'ಬೆಂಗಳೂರು ಕ್ರಮ'ವೆಂದು ಹೆಸರಾಗಿದೆ. ೨೦೧೫ರಲ್ಲಿ ದೇವನಹಳ್ಳಿಯಲ್ಲಿ ಪಾಯಿಖಾನೆ ಗುಂಡಿಗಳ ಹೂಳನ್ನು ಸಂಸ್ಕರಿಸುವ ಸ್ಥಾವರವು ಆರಂಭವಾಯಿತು. ಒಣಗಿಸಿದ ಹೂಳನ್ನು ಊರಿನ ಹಸಿ ಕಸದೊಡನೆ ಬೆರೆಸಿ ಕಾಂಪೋಸ್ಟು ಮಾಡುವುದು ಅಲ್ಲಿನ ಪದ್ಧತಿ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. 'ಸಂಸ್ಕರಿಸಿದ್ದು' ಎಂಬ ಮಾತು ಒಂದೇ ಆದರೂ ಅದರಲ್ಲಿ ದರ್ಜೆಗಳು ಹಲವು. ಅಮೆರಿಕದ ೧೯೯೩ರ ನಿಯಮಗಳು ಇದನ್ನು ಎರಡಾಗಿ ವಿಂಗಡಿಸಿವೆ. ಮೊದಲನೆಯ ದರ್ಜೆಯಲ್ಲಿ ರೋಗಬೀಜಗಳು ಬಹುಮಟ್ಟಿಗೆ ನಾಶವಾಗಿರಬೇಕು. ಉದಾಹರಣೆಗೆ, ಸಾಲುರಾಶಿಯಾಗಿ ಹಾಕಿದ ಕಾಂಪೋಸ್ಟು ೫೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ೧೫ ದಿನ ಇದ್ದು, ಆ ಅವಧಿಯಲ್ಲಿ ೫ ಸಲ ಮಗುಚಲ್ಪಟ್ಟಿರಬೇಕು. ಎರಡನೆಯ ದರ್ಜೆಯದರಲ್ಲಿ ರೋಗಬೀಜಗಳು ಕಡಿಮೆಯಾಗಿರುತ್ತವೆಯೇ ಹೊರತು ಇಲ್ಲವಾಗಿರುವುದಿಲ್ಲ. ಅಂಥದನ್ನು ಹಾಕಿದ ಹೊಲದಲ್ಲಿ ೩೦ ದಿನ ದನ ಮೇಯಿಸಕೂಡದು. ಮಣ್ಣಿಗೆ ತಾಗುವ ಫಸಲನ್ನು ೧೪ ತಿಂಗಳು ಕೊಯ್ಯಕೂಡದು. ನೆಲದೊಳಗೆ ಬೆಳೆಯುವ ಗೆಡ್ಡೆಗಳಿಗೆ ಈ ಅವಧಿಯು ೨೦ರಿಂದ ೩೮ ತಿಂಗಳು. ನಮ್ಮ ಕಡೆಯ ಶುಂಠಿ ಬೆಳೆಗಾರರು ಇದನ್ನು ನೆನಪಿನಲ್ಲಿಡಬೇಕು.

ರೋಗಬೀಜವು ಶಾಖಕ್ಕೂ ಕಾಲಕ್ಕೂ ಸಾಯುತ್ತದೆ, ಲೋಹವು ಸಾಯುವುದಿಲ್ಲ. ಕಾರ್ಖಾನೆಗಳ ನೀರು ಸೇರಿದ ಕೊಳಚೆಯಲ್ಲಿ ಕ್ಯಾಡ್ಮಿಯಂ, ಸೀಸ ಮೊದಲಾದುವು ಇರಬಹುದು. ಇವು ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸೇರುತ್ತ ಹೋಗುತ್ತವೆ. ಜಪಾನಿನ ತೋಯಾಮಾ ಪ್ರಾಂತದಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ಹೊಳೆಯ ನೀರಿನಿಂದ ಬತ್ತ ಬೆಳೆದು ಉಂಡವರ ಮೂಳೆಗಳು ಮುರಿಯುವಂತಾದುವು. ೧೯೬೮ರಲ್ಲಿ ಆ ಸರ್ಕಾರವು ಈ ಕಾರಣವನ್ನು ಒಪ್ಪಿಕೊಂಡಿತು. ಹುಳಿ ಮಣ್ಣಿನಲ್ಲಿ ಪೈರು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುವುದರಿಂದ ಮಲೆನಾಡಿನ ಅಂಚಿನವರಾದ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ದೇಶದ ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯಂತೆ ನಗರ ಕಾಂಪೋಸ್ಟಿನಲ್ಲಿ ಕಿಲೋಗ್ರಾಮಿಗೆ ಕ್ಯಾಡ್ಮಿಯಂ ೫ ಮಿಲಿಗ್ರಾಂ, ಸೀಸ ೧೦೦ ಮಿಲಿಗ್ರಾಂ ಮೀರಕೂಡದು.

ಇನ್ನು, ಮನುಷ್ಯರ ಮೇಲಿನ ಪರಿಣಾಮವನ್ನು ಪರೀಕ್ಷಿಸುವ ಬಗೆ ಹೇಗೆ? ಹೊಸ ತಳಿಯೊಂದನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಹಳೆಯ ತಳಿಯ ಮಡಿಯೊಂದನ್ನು ಹೋಲಿಕೆಗಾಗಿ ಬಿಡುವುದು ವಾಡಿಕೆ. ಆರೋಗ್ಯದ ಪರೀಕ್ಷೆಗೂ ಇದೇ ನ್ಯಾಯ. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಕೊಳಚೆಯ ಹೂಳನ್ನು ಹಾಕುತ್ತಿದ್ದ ೪೭ ಒಕ್ಕಲುಗಳನ್ನೂ, ಹಾಕದಿದ್ದ ೪೬ ಒಕ್ಕಲುಗಳನ್ನೂ ಆರಿಸಿ, ಮನೆಯವರ ಕಾಯಿಲೆಗಳನ್ನು ತಿಂಗಳು ತಿಂಗಳೂ ವಿಚಾರಿಸಿ, ರಕ್ತವನ್ನೂ ಪರೀಕ್ಷಿಸಿದರು. ಗಮನಾರ್ಹವಾದ ವ್ಯತ್ಯಾಸವೇನೂ ಕಾಣಲಿಲ್ಲವೆಂದು ೧೯೮೫ರಲ್ಲಿ ಪ್ರಕಟಿಸಿದರು. ಆದರೆ ತಾವು ಕಂಡದ್ದು ನಿಯಮಕ್ಕೆ ಒಳಪಟ್ಟು ಅಲ್ಪಪ್ರಮಾಣದಲ್ಲಿ ಹಾಕಿದ ಹೊಲಗಳ ಸಂಗತಿಯೆಂದೂ, ಹೆಚ್ಚು ಹಾಕಿದ ಕಡೆ ಇದನ್ನೇ ನಂಬಬಾರದೆಂದೂ ಅವರೇ ಎಚ್ಚರಿಸಿದ್ದಾರೆ. ೨೦೦೨ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯು, ನಿಯಮಗಳು ಜನರ ಆರೋಗ್ಯವನ್ನು ಕಾಪಾಡುವುದರಲ್ಲಿ ವಿಫಲವಾದುವೆಂಬುದಕ್ಕೆ ದಾಖಲೆ ಸಿಕ್ಕಿಲ್ಲವೆಂದೂ, ಆದರೂ ಹೆಚ್ಚಿನ ಪರಿಶೋಧನೆ ಅಗತ್ಯವೆಂದೂ ಹೇಳಿತು. ಕೆಡುಕಿಗೆ ಸಾಕ್ಷಿ ಸಿಕ್ಕಲಿಲ್ಲವೆಂಬುದೂ ಕೆಡುಕೇ ಇಲ್ಲವೆಂಬುದೂ ಒಂದೇ ಅಲ್ಲ.

ನಮ್ಮ ರಾಜ್ಯದ ಕೋಲಾರದ ಅನುಭವವೂ ಇದನ್ನೇ ಕಲಿಸುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ ೪೪ ಕೋಟಿ ಲೀಟರಿನಷ್ಟನ್ನು ಕೋಲಾರದ ಕಡೆಯ ನೂರಕ್ಕೂ ಮೇಲ್ಪಟ್ಟ ಕೆರೆಗಳಿಗೆ ತುಂಬಿ ಅಂತರ್ಜಲವನ್ನು ಹೆಚ್ಚಿಸುವುದು ಆ ಯೋಜನೆಯ ಉದ್ದೇಶ. ೨೦೧೮ರ ಜೂನ್ ತಿಂಗಳಲ್ಲಿ ನೀರು ಲಕ್ಷ್ಮೀಸಾಗರದ ಕೆರೆಯನ್ನು ಸೇರಿತು. ಬರದಲ್ಲಿ ಬೆಂದಿದ್ದ ಒಕ್ಕಲುಗಳು ಹಿಗ್ಗಿದರು. ಮರುತಿಂಗಳೇ ನೊರೆ ಕಾಣಿಸಿಕೊಂಡು, ನೀರು ಹರಿಸುವುದನ್ನು ಉಚ್ಚ ನ್ಯಾಯಾಲಯವು ಕೆಲಕಾಲ ತಡೆಯಿತು. ಬಳಿಕ ಪುನಃ ಹರಿಯಿತು. ನೀರು ಬೇಕೆನ್ನುವವರದೂ, ಮೂರನೆಯ ಹಂತದ ಶುದ್ಧಿಯೂ ಆಗಲೆನ್ನುವವರದೂ ನ್ಯಾಯವಾದ ಮಾತೇ. ಇಬ್ಬರಿಗೂ ಉತ್ತರವನ್ನು ಕೊಡಬಲ್ಲುದು ಎಡೆಬಿಡದ ಪರೀಕ್ಷೆಯೊಂದೇ.

ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಈ ಕೆಳಗಿನ ಅಂಶಗಳನ್ನು ಪಾಲಿಸಬೇಕಾಗಿ ವಿನಂತಿ:

೧. ಲಾರಿಯಿಂದ ನೇರವಾಗಿ ಬಂದ ಹಸಿ ಮಲವನ್ನು ಗದ್ದೆ, ತೋಟ, ನಾಲೆ, ಹಳ್ಳ ಯಾವುದಕ್ಕೂ ಬಿಡಗೊಡಬಾರದು.

೨. ಗುಂಡಿಗೆ ಮನುಷ್ಯರನ್ನು ಇಳಿಸಿ ಬಳಿಸುವುದು ೨೦೧೩ರ ಕಾಯಿದೆಯ ಪ್ರಕಾರ ನಿಷಿದ್ಧ.

೩. ಸಂಸ್ಕರಿಸಿದ ಗೊಬ್ಬರವನ್ನು ಕೊಳ್ಳುವಾಗ ಎಲ್ಲಿಯದು, ಎಷ್ಟು ಶಾಖದಲ್ಲಿ ಎಷ್ಟು ದಿನ ಇತ್ತು, ಲೋಹಗಳ ಪರೀಕ್ಷೆಯಾಗಿದೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು.

೪. ಬಿತ್ತನೆಗೆ ಮುಂಚೆ ಹರಡಿ ಕೂಡಲೆ ಉತ್ತು ಮಣ್ಣಿನಲ್ಲಿ ಸೇರಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಹಾಕಬಾರದು. ಬಾವಿ, ಕೆರೆಗಳಿಂದ ದೂರವಿರಿಸಬೇಕು.

೫. ಆಳುಗಳಿಗೆ ಕಾಲಿಗೆ ಬೂಟು, ಕೈಗೆ ಕವಚ, ತೊಳೆಯಲು ಸಾಬೂನು ಒದಗಿಸುವುದು ಜಮೀನಿನ ಯಜಮಾನರ ಹೊಣೆ.

ಕೊನೆಯದಾಗಿ ಒಂದು ಮಾತು. ಮೊದಲನೆಯ ಗಾಡಿ ಗೊಬ್ಬರವು ಹೊಲಕ್ಕೆ ಬೀಳುವುದಕ್ಕೆ ಮುಂಚೆಯೇ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ, ಆಳುಗಳಿಗೂ ಮಕ್ಕಳಿಗೂ ಜಂತುಹುಳುವಿನ ಪರೀಕ್ಷೆ ಮಾಡಿಸಿರಿ. ಯಾವ ಸರ್ವೆ ನಂಬರಿಗೆ, ಯಾವ ದಿನ, ಎಷ್ಟು ಗಾಡಿ ಬಿತ್ತೆಂಬುದನ್ನು ಪುಸ್ತಕದಲ್ಲಿ ಬರೆದಿಡಿರಿ. ಮೊದಲಿನ ಸ್ಥಿತಿ ಗೊತ್ತಿಲ್ಲದಿದ್ದರೆ ಆಮೇಲೆ ಬಂದ ಕಾಯಿಲೆಯ ಕಾರಣವನ್ನು ಯಾವ ಪಂಡಿತನೂ ಹೇಳಲಾರನು. ಫಸಲಿನ ಲೆಕ್ಕವನ್ನು ತಪ್ಪದೆ ಇಡುವ ನಾವು, ಆ ಫಸಲನ್ನು ಬೆಳೆದವರ ಮೈಯ ಲೆಕ್ಕವನ್ನೂ ಇಡಬೇಡವೇ?